ಕೋಳಿಗೆ ಹೇಳಿದ ಮಾತು

ಕಾವಿಗೆ ಕೂತ ಕೋಳಿಗೆ ಅದರದೇ ಒಂದು ವಾಸನೆ ಇರುತ್ತದೆ. ಕೋಳಿ ಸಾಕಿದವರಿಗೆ ಗೊತ್ತು. ಬೆಚ್ಚಗಿನ ಪುಕ್ಕ, ಹಳೆಯ ಹುಲ್ಲಿನ ಧೂಳು, ಅದರೊಳಗೆ ಸ್ವಲ್ಪ ಹುಳಿ. ಕೆಟ್ಟ ವಾಸನೆ ಎಂದು ನಾನು ಹೇಳಲಾರೆ. ಒಳ್ಳೆಯದು ಎಂದರೆ ನನ್ನ ಸೊಸೆ ಸುಮ್ಮನಿರಲಾರಳು. ಪಕ್ಕದ ಮನೆಯವರ ಕೆಂಪು ಹೇಂಟೆಯೊಂದು ನಮ್ಮ ಹಿಂದಿನ ಕೋಣೆಗೆ ನುಗ್ಗಿ, ಸುತ್ತಿಟ್ಟ ಗಾದಿಗಳ ಮೇಲೆ ತತ್ತಿಯಿಟ್ಟು, ಈಗ ಕಾವಿಗೆ ಕೂತುಬಿಟ್ಟಿದೆ. ಕ್ರಿಸ್ಮಸ್ ಹತ್ತಿರ ಬಂತು, ಬೀಗರು ಬರುವವರಿದ್ದಾರೆ, ಅದೇ ಗಾದಿ ಬೇಕು, ಕೋಳಿಯನ್ನು ಎತ್ತಿ ಆಚೆ ಬಿಡೋಣ ಎಂದು ಸೊಸೆ. ಕಾವಿಗೆ ಕೂತದ್ದನ್ನು ಎಬ್ಬಿಸಬಾರದು ಎಂದು ನಾನು. ಮಾತಿಗೆ ಮಾತು ಬೆಳೆಯಿತು. ಈಗ ನಮ್ಮಿಬ್ಬರ ನಡುವೆ ಮಾತಿಲ್ಲ. ಇದೆ, ಆದರೆ ಮೊಮ್ಮಗಳ ಮೂಲಕ. “ಅಜ್ಜಿಗೆ ಹೇಳು, ಚಹಾ ಆರಾಕತ್ತದ,” ಎಂದು ಅವಳು ಅಡುಗೆಮನೆಯಿಂದ. “ನಿಮ್ಮವ್ವಗ ಹೇಳು, ನನಗ ಚಹಾ ಬ್ಯಾಡ,” ಎಂದು ನಾನು ಇಲ್ಲಿಂದ. ಮೊಮ್ಮಗಳು ಎರಡೂ ಕಡೆ ತಲೆಯಾಡಿಸಿ ಚಹಾ ತಾನೇ ಕುಡಿದುಬಿಡುತ್ತಾಳೆ.

ನಗಬೇಡಿ. ಒಬ್ಬರಿಗೆ ಮುಟ್ಟಬೇಕಾದ ಮಾತನ್ನು ಇನ್ನೊಬ್ಬರಿಗೆ ಹೇಳುವುದು ನಮ್ಮ ಮನೆಯಲ್ಲಿ ಹಳೆಯ ಕಾಲದಿಂದ ಬಂದ ವಿದ್ಯೆ. ಅದರಲ್ಲಿ ನನ್ನ ಅವ್ವನಷ್ಟು ಪಳಗಿದವರನ್ನು ನಾನು ಬೇರೆ ಕಂಡಿಲ್ಲ. ಅವಳಿಗೆ ಮೊಮ್ಮಗಳು ಬೇಕಾಗಿರಲಿಲ್ಲ. ಕೋಳಿ ಸಾಕಾಗಿತ್ತು. ಎರಡು ದಿನದಿಂದ ಈ ವಾಸನೆ ಮೂಗಿಗೆ ಬಡಿದಾಗಲೆಲ್ಲ ಅವ್ವನ ಆ ಧ್ವನಿ ಕೇಳಿದಂತಾಗುತ್ತಿದೆ. ಹೇಳಿಬಿಡುತ್ತೇನೆ, ಕೂತುಕೊಳ್ಳಿ.

ನಮ್ಮದು ಆಳಂದ ತಾಲೂಕಿನ ನಿಂಬರ್ಗಾ. ನಿಜಾಮರ ಕಾಲದ ಮಾತು, ನನಗಾಗ ಒಂಬತ್ತೋ ಹತ್ತೋ. ಊರ ಅಂಚಿನ ನಮ್ಮ ಓಣಿಯಲ್ಲಿ ನಾಲ್ಕಾರು ಮನೆಗಳು ಕ್ರಿಸ್ತನ ಕಡೆ ಬಂದಿದ್ದವು. ನಮ್ಮದೂ ಬಂದಿತ್ತು, ಆದರೆ ಪೂರ್ತಿ ಅಲ್ಲ. ಅಪ್ಪ, ಅವ್ವ ಬಂದಿದ್ದರು. ಅವರ ಹಿಂದೆ ನಾನು, ನನ್ನ ತಂಗಿ. ಅಪ್ಪನ ತಾಯಿ, ನಮ್ಮ ಆಯಿ, ಬಂದಿರಲಿಲ್ಲ. “ನನಗ ನನ್ನ ಮರಗಮ್ಮ ಸಾಕು,” ಎಂದು ಊರದೇವಿಯ ಹೆಸರು ಹೇಳುತ್ತಿದ್ದಳು. ಭಾನುವಾರ ನಾವು ಮನೆಯಲ್ಲಿ ಪ್ರಾರ್ಥನೆಗೆ ಕೂತಾಗ ಆಯಿ ಹೊರಗಿನ ಕಟ್ಟೆಯ ಮೇಲೆ ಎಲೆ ಅಡಿಕೆ ಕುಟ್ಟುತ್ತಿದ್ದಳು. ‘ಆಮೆನ್’ ಬರುವ ಹೊತ್ತಿಗೆ ಸರಿಯಾಗಿ ಕುಟ್ಟುವುದು ನಿಲ್ಲುತ್ತಿತ್ತು. ಕೇಳುತ್ತಿದ್ದಳು ಅಂತ ಅರ್ಥ.

ಮನೆಯೆಂದರೆ ಎರಡು ಖೋಲಿ. ಮುಂದಿನದು ಪಡಸಾಲೆ. ಅದರ ಮೂಲೆಯಲ್ಲಿ ಬೀಸುಕಲ್ಲು, ಬೀಸುಕಲ್ಲಿನ ಪಕ್ಕ ಕೋಳಿಗೂಡು. ಒಳಗಿನದು ಕಿಟಕಿಯಿಲ್ಲದ ಕತ್ತಲೆ ಖೋಲಿ. ಒಲೆ, ಜೋಳದ ಗಡಿಗೆ, ಹಾಸಿಗೆ ಎಲ್ಲ ಅಲ್ಲಿಯೇ. ಇಂಥ ಮನೆಯಲ್ಲಿ ಅತ್ತೆಯ ಕಿವಿಗೆ ಬೀಳದ ಮಾತು ಯಾವುದಿದೆ? ಆ ಕಾಲದಲ್ಲಿ ಅತ್ತೆಯ ಮುಂದೆ ಗಂಡನನ್ನು ಮಾತಾಡಿಸುವಂತಿಲ್ಲ. ಹೆಸರು ಹಿಡಿಯುವುದಂತೂ ದೂರವೇ ಉಳಿಯಿತು. ಅದಕ್ಕೆ ಅವ್ವ ಕೋಳಿಗಳಿಗೆ ಕಾಳು ಹಾಕುತ್ತ ಹೇಳುತ್ತಿದ್ದಳು, “ಏ ಕೋಳೀ, ಮನ್ಯಾಗ ಜ್ವಾಳ ಮುಗಿಲಿಕ್ಕ ಬಂದಾವ. ಯಾರಿಗಾದ್ರೂ ಖಬರ್ ಅದ ಏನು?” ಅಪ್ಪ ಚಪ್ಪಲಿ ಮೆಟ್ಟುತ್ತ ಅದೇ ಕೋಳಿಗೆ ಉತ್ತರ ಕೊಡುತ್ತಿದ್ದ, “ಸಂಜೀಕ ತರ್ತೇನಿ ಅಂತ ಹೇಳು.” ಕಟ್ಟೆಯ ಮೇಲಿನಿಂದ ಆಯಿ, “ಈ ಮನ್ಯಾಗ ಎಲ್ಲಾ ಕೋಳಿಗೇ ಗೊತ್ತು, ನನಗೇನೂ ಗೊತ್ತಿಲ್ಲ,” ಎನ್ನುತ್ತಿದ್ದಳು. ಗಂಡ ಹೆಂಡತಿಯ ಸಣ್ಣ ಪುಟ್ಟ ಜಗಳವೂ ಕೋಳಿಯ ಮುಂದೆಯೇ ಆಗುತ್ತಿತ್ತು. ಪಾಪ, ಕೋಳಿ ಎಷ್ಟು ಬೈಗುಳ ತಿಂದಿದೆಯೋ.

ನಮ್ಮ ಕೋಳಿಗಳು ತತ್ತಿ ಇಡುತ್ತಿದ್ದವು ನಿಜ, ನಾವು ತಿನ್ನುತ್ತಿರಲಿಲ್ಲ. ತತ್ತಿಯೆಲ್ಲ ಬುಟ್ಟಿಯಲ್ಲಿ ಹೊಟ್ಟು ಹಾಸಿಕೊಂಡು ಆಳಂದದ ಸಂತೆಗೆ ಹೋಗುತ್ತಿತ್ತು. ಒಡೆದದ್ದು ಮಾತ್ರ ನಮಗೆ. ನನ್ನ ತಂಗಿಯ ಕೈಯಿಂದ ತತ್ತಿಗಳು ಪದೇಪದೇ ಜಾರುವುದು ಗಮನಕ್ಕೆ ಬಂದ ಮೇಲೆ ಅವ್ವ ಒಡೆದದ್ದನ್ನೂ ನಾಯಿಗೆ ಹಾಕತೊಡಗಿದಳು. ತಂಗಿಯ ಕೈ ತಕ್ಷಣ ಗಟ್ಟಿಯಾಯಿತು. ಹೀಗೆ ವರ್ಷವಿಡೀ ಬಿಗಿಹಿಡಿದದ್ದು ಕ್ರಿಸ್ಮಸ್ಸಿನ ಒಂದು ದಿನ ಸಡಿಲಾಗುತ್ತಿತ್ತು. ಗೋಡೆಗೆ ಸುಣ್ಣ, ಹಳೆಯ ಲಂಗಕ್ಕೆ ಹೊಸ ಬಣ್ಣ, ಗೋಧಿ ಹುಗ್ಗಿ, ಬಿದಿರಿನ ಕಡ್ಡಿಗೆ ಕಾಗದ ಅಂಟಿಸಿದ ಒಂದು ಚುಕ್ಕಿ, ಒಂದು ಕೋಳಿ. ಒಂದು ವರ್ಷ ಹಬ್ಬದಲ್ಲಿ ರಾದ್ಧಾಂತವಾದದ್ದು ಆ ಕೋಳಿಯಿಂದಲೇ.

ಅವ್ವ ಕೊಯ್ದದ್ದು ಕರೀ ಕೋಳಿ. ಅದು ಮರಗಮ್ಮನಿಗೆ ಬಿಟ್ಟ ಕೋಳಿ ಎಂದು ಆಯಿ. ಯಾರಿಗೂ ಹೇಳದೆ ಹರಕೆ ಹೊತ್ತು, ಅದರ ಕಾಲಿಗೆ ಅರಿಶಿನದ ದಾರ ಕಟ್ಟಿದ್ದಳಂತೆ. ದಾರ ಇರಲಿಲ್ಲ, ಇದ್ದರೆ ನನಗೆ ಕಾಣುತ್ತಿರಲಿಲ್ಲವೇ ಎಂದು ಅವ್ವ ಕೋಳಿಗೂಡಿನ ಕಡೆ ಮುಖ ಮಾಡಿ ಕೇಳಿದಳು. “ಗೊತ್ತಿದ್ದೇ ಕೊಯ್ದಾಳ,” ಎಂದಳು ಆಯಿ. “ದೇವಿ ಕೋಳಿ ತಿಂದ ಮನ್ಯಾಗ ನಾ ನೀರ ಸುದ್ದಾ ಮುಟ್ಟಂಗಿಲ್ಲ.” ಅವತ್ತೇ ಗಂಟು ಕಟ್ಟಿ ಮಟಕಿ ಊರಿನಲ್ಲಿದ್ದ ಮಗಳ ಮನೆಗೆ ಹೊರಟುಹೋದಳು. ಅಪ್ಪ ಎರಡು ಸಲ ಕರೆಯಲು ಹೋಗಿ ಬಂದ. ಮೂರನೆಯ ಸಲ ಹೋಗಲಿಲ್ಲ. ಸೊಲ್ಲಾಪುರದ ಗಿರಣಿಗೆ ಕೆಲಸಕ್ಕೆ ಹೋದ.

ಮುಂದಿನ ಚಳಿಗಾಲಕ್ಕೆ ನಿಂಬರ್ಗಾದಲ್ಲಿ ಇಲಿ ಬಿದ್ದವು.

ಈಗಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕು. ಮನೆಯ ನಡುವೆ ಇಲಿಯೊಂದು ತೂರಾಡುತ್ತ ಬಂದು ಸತ್ತುಬಿದ್ದರೆ ಪ್ಲೇಗು ಬಂತು ಅಂತ. ನಮ್ಮ ಕಡೆ ಅದನ್ನು ಗಡ್ಡಿ ಬ್ಯಾನಿ ಎನ್ನುತ್ತಿದ್ದರು. ಜ್ವರ ಬರುತ್ತದೆ, ತೊಡೆಸಂದಿಗೋ ಕಂಕುಳಿಗೋ ಗಡ್ಡೆ ಏಳುತ್ತದೆ, ಮುಂದಿನದು ಅವರವರ ಹಣೆಬರಹ. ಇಲಿ ಬಿದ್ದ ಊರನ್ನು ಬಿಡಬೇಕು. ಗೌಡರು ಡಂಗುರ ಹೊಡೆಸಿದರು, ಊರಿಗೆ ಊರೇ ಗಂಟು ಮೂಟೆ ಹೊತ್ತು ಹೊಲಗಳಿಗೆ ಹೋಗಿ ಗುಡಿಸಲು ಹಾಕಿಕೊಂಡಿತು. ತೊಗರಿ ಕಾಯಿ ಕಟ್ಟುವ ದಿನಗಳು. ಹೊಲದ ತುಂಬ ಜನ, ಎತ್ತು, ಮಕ್ಕಳು. ನಮ್ಮಂಥ ಮಕ್ಕಳಿಗೆ ಅದು ಜಾತ್ರೆಗಿಂತ ಹೆಚ್ಚಿನ ಮೋಜು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಮರಗಮ್ಮ ಸಿಟ್ಟಾಗಿದ್ದಾಳೆ, ಊರಲ್ಲಿ ಓಡಾಡುತ್ತಿದ್ದಾಳೆ ಎಂದು ಹಿರಿಯರು ಮಾತಾಡಿಕೊಂಡಾಗ ಅವ್ವ ಎದ್ದು ದೂರ ಹೋಗುತ್ತಿದ್ದಳು.

ನಮ್ಮ ಕೋಳಿಗಳೂ ಬುಟ್ಟಿಯಲ್ಲಿ ಹೊಲಕ್ಕೆ ಬಂದವು, ಒಂದನ್ನು ಬಿಟ್ಟು. ಒಂದು ಬೂದು ಹೇಂಟೆ ಕಾವಿಗೆ ಕೂತಿತ್ತು. ಎತ್ತಿ ಒಯ್ದರೆ ತತ್ತಿಯ ಮೇಲೆ ಮತ್ತೆ ಕೂರುವುದಿಲ್ಲ, ಅಷ್ಟೂ ತತ್ತಿ ಹಾಳು. ಆ ತತ್ತಿಗಳನ್ನು ಅವ್ವ ಸಂತೆಗೆ ಕಳಿಸದೆ ಒಂದೊಂದಾಗಿ ಉಳಿಸಿದ್ದಳು. ಕ್ರಿಸ್ಮಸ್ಸಿನ ಹೊತ್ತಿಗೆ ಮರಿಯಾಗಬೇಕು, ಅಪ್ಪ ಬಂದು ನೋಡಬೇಕು. ಹಬ್ಬಕ್ಕೆ ಬಂದೇ ಬರುತ್ತೇನೆ ಎಂದು ಅವನು ಒಬ್ಬ ಗಾಡಿಯವನ ಕೈಯಲ್ಲಿ ಹೇಳಿ ಕಳಿಸಿದ್ದ. ಸೊಲ್ಲಾಪುರದಲ್ಲೂ ಗಡ್ಡಿ ಬ್ಯಾನಿ ಎಂದು ಅದೇ ಗಾಡಿಯವನು ಹೇಳಿದ. ಅವ್ವ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿ, ಆಮೇಲೆ ಬಹಳ ಹೊತ್ತು ಖಾಲಿ ಲೋಟ ಹಿಡಿದುಕೊಂಡೇ ನಿಂತಿದ್ದಳು.

ಹಾಗಾಗಿ ದಿನಾ ಮಧ್ಯಾಹ್ನ ನಾನು, ಅವ್ವ ಆ ಒಂದು ಕೋಳಿಗೆ ನೀರು, ನುಚ್ಚು ಹಾಕಲು ಊರೊಳಗೆ ಹೋಗುತ್ತಿದ್ದೆವು. ನೀವು ಜನವಿಲ್ಲದ ಊರನ್ನು ನೋಡಿದ್ದೀರಾ? ಪಾಳುಬಿದ್ದದ್ದಲ್ಲ. ಪಾಳುಬಿದ್ದ ಊರಿನಲ್ಲಿ ಒಂದು ಥರ ಸಮಾಧಾನ ಇರುತ್ತದೆ. ನಾನು ಹೇಳುವುದು ಮೊನ್ನೆ ತನಕ ಇದ್ದು ಇಂದು ಇಲ್ಲದ ಊರು. ಹಗ್ಗದ ಮೇಲೆ ಒಣಹಾಕಿದ ಧೋತರ ಹಾಗೇ ಇತ್ತು. ಒಬ್ಬರ ಕಟ್ಟೆಯ ಮೇಲೆ ಅರ್ಧ ಹೆಣೆದ ಬುಟ್ಟಿ. ಹೊಗೆ ಇಲ್ಲ, ನಾಯಿ ಇಲ್ಲ, ನಾಯಿಗಳೂ ಜನರ ಹಿಂದೆ ಹೊಲಕ್ಕೆ ಹೋಗಿದ್ದವು. ನಮ್ಮ ಹೆಜ್ಜೆಯ ಸಪ್ಪಳ ಎದುರಿನ ಗೋಡೆಗೆ ಬಡಿದು, ಆ ಕಡೆಯಿಂದಲೂ ಯಾರೋ ಇಬ್ಬರು ಬರುತ್ತಿರುವಂತೆ ಕೇಳುತ್ತಿತ್ತು. ನಾನು ಅವ್ವನ ಸೀರೆಯ ಸೆರಗನ್ನು ಕೈಗೆ ಸುತ್ತಿಕೊಂಡು ನಡೆಯುತ್ತಿದ್ದೆ.

ಮೊದಲ ಕೆಲವು ದಿನ ಏನೂ ಇಲ್ಲ. ಆಮೇಲೊಂದು ದಿನ ಅವ್ವ ಗೂಡಿನ ಮುಂದಿನ ಗಡಿಗೆ ಚೂರಿಗೆ ನೀರು ಹಾಕಲು ಬಗ್ಗಿದಳು. ಅದು ಆಗಲೇ ತುಂಬಿತ್ತು. “ನಿನ್ನೆ ಜಾಸ್ತಿ ಹಾಕಿದ್ದಿವೇನೋ,” ಎಂದಳು. ಮರುದಿನವೂ ತುಂಬಿತ್ತು, ಪಕ್ಕದಲ್ಲಿ ಹೊಸ ನುಚ್ಚು ಬಿದ್ದಿತ್ತು. ನಾವು ಒಯ್ಯುತ್ತಿದ್ದ ನುಚ್ಚು ದಪ್ಪ, ಇದು ಸಣ್ಣಗೆ ಒಡೆದದ್ದು. ಕೋಳಿ ನಮ್ಮನ್ನು ನೋಡಿ ಹೊಟ್ಟೆ ತುಂಬಿದವರಂತೆ ಕಣ್ಣು ಮುಚ್ಚಿತು. ಅವ್ವ ನಿಧಾನವಾಗಿ ತಲೆಯೆತ್ತಿದಳು. ಒಳಖೋಲಿಯ ಕದವನ್ನು ನಾವು ತೆರೆದಿಟ್ಟು ಬಂದಿದ್ದೆವು. ಈಗ ಮುಚ್ಚಿತ್ತು.

ಅವ್ವ ನನ್ನ ಬಾಯಿಯ ಮೇಲೆ ಕೈಯಿಟ್ಟು ಹೊರಗೆ ಕರೆದುಕೊಂಡು ಬಂದಳು. ಊರ ಬಾಗಿಲಲ್ಲಿ ಕಾವಲಿದ್ದ ತಳವಾರನನ್ನು ಕೇಳಿದಾಗ ಅವನು ತಂಬಾಕು ತಿಕ್ಕುವುದನ್ನು ನಿಲ್ಲಿಸಿದ.

“ಊರಾಗ ಯಾರೂ ಇಲ್ಲವ್ವ. ಆದ್ರ ನಿಮ್ಮ ಓಣಿ ಕಡೆ ಬೀಸೂ ಸಪ್ಪಳ ಕೇಳ್ತದ. ಒಬ್ಬಾಕಿ ಕುಂತು ಬೀಸಿದಂಗ. ನಿನ್ನೆ ಗೌಡ್ರ ಬಾವಿ ಪಾವಟಿಗಿ ಮ್ಯಾಲ ಹಸಿ ಹೆಜ್ಜಿ ನೋಡೇನಿ. ನಾ ಅಂತೂ ಇನ್ನ ಒಳಗ ಹೋಗಂಗಿಲ್ಲ. ನೀವೂ ಹೋಗಬ್ಯಾಡ್ರಿ.”

ಗೌಡರ ಬಾವಿ! ನಮ್ಮ ಓಣಿಯವರು ಅದರ ಮೆಟ್ಟಿಲು ಮುಟ್ಟುವಂತಿರಲಿಲ್ಲ. ತಳವಾರನ ಪ್ರಕಾರ ಅಷ್ಟು ಧೈರ್ಯದಿಂದ ಅಲ್ಲಿ ಇಳಿದವಳು ದೇವಿಯೇ ಇರಬೇಕು. ನನಗೆ ಆ ರಾತ್ರಿ ಜ್ವರ ಬಂದಷ್ಟು ಭಯವಾಯಿತು. ಕರೀ ಕೋಳಿಯ ಲೆಕ್ಕ ಕೇಳಲು ಮರಗಮ್ಮ ನಮ್ಮ ಮನೆಯಲ್ಲೇ ಬಂದು ಕೂತಿದ್ದಾಳೆ ಎಂದುಕೊಂಡೆ. ಅವ್ವ ಹಾಗೆ ತಿಳಿಯಲಿಲ್ಲ. ನಮ್ಮ ಬಾಗಿಲಿಗೆ ಹೊರಗಿನಿಂದ ಅಗಳಿ ಸರಿಸಲು ಒಂದು ಉಪಾಯವಿತ್ತು, ಅದು ಮನೆಯವರಿಗೆ ಮಾತ್ರ ಗೊತ್ತು. ಆ ಬೂದು ಕೋಳಿಯೂ ಅಪರಿಚಿತರು ಹತ್ತಿರ ಬಂದರೆ ಕೈಯ ಚರ್ಮ ಕಿತ್ತು ಬಿಡುತ್ತಿತ್ತು. ಅವ್ವ ಇಷ್ಟನ್ನು ಕೂಡಿಸಿ ನೋಡಿದಳು. ಅಪ್ಪ ಸೊಲ್ಲಾಪುರದಿಂದ ಬಂದಿದ್ದಾನೆ. ಬರುವಾಗ ಬೇನೆ ಹೊತ್ತುಕೊಂಡೇ ಬಂದಿದ್ದಾನೆ. ಗುಡಿಸಲಿಗೆ ಬಂದರೆ ಮಕ್ಕಳಿಗೆ ಹತ್ತುತ್ತದೆ ಎಂದು ಖಾಲಿ ಮನೆಯಲ್ಲಿ ಕದ ಹಾಕಿಕೊಂಡು ಕೂತಿದ್ದಾನೆ. ಅಪ್ಪ ಮಾಡುವಂಥದೇ ಕೆಲಸ ಅದು.

ಮರುದಿನ ಅವ್ವ ಹೊಸ್ತಿಲ ಹೊರಗೇ ನಿಂತಳು. ಒಳಗಿನ ಕದ ನೋಡಲಿಲ್ಲ. ಕೋಳಿಯನ್ನು ನೋಡಿ, ಅತ್ತೆಯ ಕಾಲದ ಅದೇ ಧ್ವನಿಯಲ್ಲಿ ಮಾತಾಡಿದಳು.

“ಏ ಕೋಳೀ, ಕೇಳ್ತೇನು? ನಾವೆಲ್ಲ ಆರಾಮ ಇದ್ದೀವಿ. ಹುಡುಗ್ಯಾರು ಆರಾಮ ಅದಾರ. ನಾ ಒಳಗ ಬರಂಗಿಲ್ಲ. ನಾ ಬಿದ್ರ ಇವರನ್ನ ಯಾರು ನೋಡ್ತಾರ, ನೀನೇ ಹೇಳು. ರೊಟ್ಟಿ ಇಟ್ಟೇನಿ. ತಿನ್ನು ಅಂತ ಹೇಳು.”

ಒಳಗೆ ಏನೂ ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ ಯಾರೋ ಉಸಿರು ಎಳೆದುಕೊಂಡಂತಾಯಿತು. ಅಷ್ಟೇ. ನಾನು ಅಲ್ಲಿಂದ ಓಡಿದವಳು ತಳವಾರನ ಹತ್ತಿರ ಹೋಗಿಯೇ ನಿಂತೆ.

ಆಮೇಲೆ ಇದು ದಿನದ ಪಾಠವಾಯಿತು. ಅವ್ವ ರೊಟ್ಟಿ ಇಡುವಳು, ಹಿಂದಿನ ದಿನದ ತಾಟು ತೊಳೆದು ಬೋರಲು ಹಾಕಿರುತ್ತಿತ್ತು. ಅವ್ವ ಕೋಳಿಗೆ ಎಲ್ಲ ಹೇಳುವಳು. ತೊಗರಿ ಹೇಗಿದೆ, ತಂಗಿಯ ಹಲ್ಲು ಬಿತ್ತು, ಪಾದ್ರಿ ಸಾಹೇಬರು ಹೊಲಕ್ಕೇ ಬಂದು ಕ್ರಿಸ್ಮಸ್ ಪ್ರಾರ್ಥನೆ ಮಾಡಿಸುತ್ತಾರಂತೆ, ಈ ಸಲ ಸುಣ್ಣ ಹಚ್ಚಲು ಗೋಡೆಯೇ ಇಲ್ಲ. ಹೇಳುತ್ತ ಹೇಳುತ್ತ ನಗುವಳು. ಹೊರಗೆ ಬಂದು ನಮ್ಮ ಓಣಿಯ ತಿರುವಿನಲ್ಲಿ ಗೋಡೆಗೆ ಹಣೆಯೊತ್ತಿ ನಿಲ್ಲುವಳು. ಆ ಕತ್ತಲೆ ಖೋಲಿಯಲ್ಲಿ ಅಪ್ಪ ಉಳಿಯುತ್ತಾನೋ ಇಲ್ಲವೋ, ಅವಳಿಗೆ ಬೇರೆ ವಿಚಾರವೇ ಇರಲಿಲ್ಲ. ಹೊಲದಲ್ಲಿ ಯಾರಿಗೂ ಬಾಯಿ ಬಿಡಲಿಲ್ಲ. ಬಿಟ್ಟರೆ ನಮ್ಮನ್ನು ಗುಡಿಸಲಿನಿಂದ ಹೊರಗೆ ಹಾಕುತ್ತಿದ್ದರು. ನನಗೂ ಬಾಯಿಗೆ ಬೀಗ.

ನನಗೆ ಅಲ್ಲಿರುವುದು ಅಪ್ಪ ಎಂದು ಎಷ್ಟು ಹೇಳಿಕೊಂಡರೂ ಭಯ ಹೋಗಲಿಲ್ಲ. ಅಪ್ಪನಾದರೆ ಕೋಳಿಗೆ ಉತ್ತರ ಕೊಡಬೇಕಿತ್ತು. ‘ಹೌದು’ ಎಂದಾದರೂ ಹೇಳಬೇಕಿತ್ತು. ಆ ಕದದ ಹಿಂದೆ ಇದ್ದದ್ದು ಬರೀ ಕೇಳುತ್ತಿತ್ತು. ಅವ್ವ ಮಾತು ನಿಲ್ಲಿಸಿದರೆ ಕದದ ಆ ಕಡೆ ಏನೋ ಹತ್ತಿರ ಸರಿಯುತ್ತಿತ್ತು, ಮಾತು ಶುರುವಾದರೆ ಸುಮ್ಮನಾಗುತ್ತಿತ್ತು.

ಒಂದು ದಿನ ಅವ್ವ ಇನ್ನೂ ಒಂದು ಮಾತು ಹೇಳಿದಳು. ಕೋಳಿಗೆ ನುಚ್ಚು ಹಾಕುವುದನ್ನು ಬಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಹೇಳಿದಳು.

“ಕೋಳೀ, ಇಷ್ಟು ದಿನಾ ಯಾರ ಮುಂದೂ ಅಂದಿಲ್ಲ. ಆ ಕರೀ ಕೋಳಿ ಕಾಲಿಗೆ ದಾರ ಇತ್ತು. ನಾನೇ ಬಿಚ್ಚಿ ಒಲ್ಯಾಗ ಒಗದೆ. ಹಬ್ಬದ ದಿನಾನೂ ಮುದುಕಿದೇ ನಡೀಬೇಕಾ ಅಂತ ಸಿಟ್ಟು ಬಂದಿತ್ತು. ಗೊತ್ತಿದ್ದೇ ಕೊಯ್ದೆ. ಅದರ ಸಲುವಾಗಿ ನಿಮಗ ಹಿಂಗಾಯ್ತು ಅಂದ್ರ ನಾ ಏನ್ ಮಾಡ್ಲಿ? ನಿಮ್ಮವ್ವ ಇಲ್ಲೇ ಇದ್ದಿದ್ರ ಕಾಲ ಹಿಡೀತಿದ್ದೆ.”

ಒಳಗೆ ತಾಟು ಬಿದ್ದ ಸಪ್ಪಳವಾಯಿತು. ಉರುಳಿ ಉರುಳಿ ನಿಂತಿತು. ಅವ್ವ ಉತ್ತರಕ್ಕಾಗಿ ಕಾದಳು. ಬರಲಿಲ್ಲ. ಆ ದಿನದಿಂದ ರೊಟ್ಟಿಯನ್ನು ಯಾರೂ ಮುಟ್ಟಲಿಲ್ಲ, ಗಡಿಗೆ ಚೂರಿನ ನೀರೂ ತಳ ಹಿಡಿಯಿತು. ಅವ್ವ ಮತ್ತೆ ತಾನೇ ತುಂಬತೊಡಗಿದಳು. ಏನೂ ಆಗಿಲ್ಲದಂತೆ ಕೋಳಿಯೊಂದಿಗೆ ಮಾತಾಡುತ್ತಲೇ ಇದ್ದಳು, ಆದರೆ ಧ್ವನಿ ಒಣಗಿತ್ತು.

ಕ್ರಿಸ್ಮಸ್ ದಿನ ಬಂತು. ಹೊಲದ ಬೇವಿನ ಮರದ ಕೆಳಗೆ ಪಾದ್ರಿ ಸಾಹೇಬರು ಪ್ರಾರ್ಥನೆ ಮಾಡಿಸಿದರು. ಕೊಂಬೆಗೆ ನಮ್ಮ ಕಾಗದದ ಚುಕ್ಕಿ ಕಟ್ಟಿದ್ದೆವು. ಅವ್ವ ಒಂದು ಹುಂಜ ಕೊಯ್ದು ಸಾರು ಮಾಡಿದ್ದಳು, ಒಳಗಿನವರ ಪಾಲನ್ನು ಮೊದಲೇ ಮುಚ್ಚಿ ಇಟ್ಟಿದ್ದಳು. ನಾವು ಎದ್ದು ಊರ ಕಡೆ ಹೊರಡುವಷ್ಟರಲ್ಲಿ ತೊಗರಿಯ ಸಾಲುಗಳ ನಡುವಿನಿಂದ ಒಬ್ಬ ಮನುಷ್ಯ ಹೆಗಲ ಮೇಲೆ ಗಂಟು ಹಾಕಿಕೊಂಡು ಬಂದ. ತಂಗಿ, “ಅಪ್ಪಾ!” ಎಂದು ಕೂಗಿ ಓಡಿದಳು.

ಅವ್ವ ಹಿಂದಿನಿಂದ ಅವಳ ಜುಟ್ಟು ಹಿಡಿದು ಎಳೆದುಕೊಂಡಳು. ನಮ್ಮಿಬ್ಬರನ್ನೂ ಬೆನ್ನ ಹಿಂದೆ ಹಾಕಿಕೊಂಡು, ಎಲ್ಲ ಜನರ ಮುಂದೆ, ಜೀವನದಲ್ಲಿ ಮೊದಲ ಸಲ ಗಂಡನಿಗೆ ನೇರವಾಗಿ ಕೂಗಿ ಹೇಳಿದಳು, “ಹತ್ರ ಬರಬ್ಯಾಡ್ರಿ!”

ಅಪ್ಪ ನಿಂತಲ್ಲೇ ನಿಂತ. “ಯಾಕಬೇ? ಏನಾಯ್ತು? ನಾ ಬಂದೇನಿ. ರೈಲಿಗೆ ತಡಾ ಆಯ್ತು.”

“ನೀವು... ಮನ್ಯಾಗ ಇದ್ದಿದ್ದಿಲ್ಲೇನ್ರಿ?”

“ಯಾವ ಮನ್ಯಾಗ? ಈಗ ಬರಾಕತ್ತೇನಿ, ಸೊಲ್ಲಾಪುರಿಂದ.”

ಅವ್ವ ಅವನ ಕಾಲು ನೋಡಿದಳು. ಕಾಲು ನೆಲದ ಮೇಲೆಯೇ ಇತ್ತು, ಧೂಳಾಗಿತ್ತು. ಅವನ ಮುಖ ನೋಡಿದಳು, ಊರ ಕಡೆ ನೋಡಿದಳು. ಆಮೇಲೆ ಬಹಳ ಸಣ್ಣ ಧ್ವನಿಯಲ್ಲಿ ಕೇಳಿದಳು, “ಹಂಗಾರ ಒಳಗ ಇದ್ದವರು ಯಾರ್ರಿ?”

ಆ ಪ್ರಶ್ನೆ ಕೇಳಿದಾಗ ನನ್ನ ಮೈಮೇಲೆ ಎದ್ದ ಮುಳ್ಳು ಈಗ ಹೇಳುವಾಗಲೂ ಏಳುತ್ತಿದೆ.

ನಾವು ಮೂವರು ಹೋದೆವು. ತಂಗಿಯನ್ನು ಮರದ ಕೆಳಗೆ ಬಿಟ್ಟೆವು, ನಾನು ಬೇಡವೆಂದರೂ ಹಿಂದೆ ಬಂದೆ. ಪಡಸಾಲೆಯಲ್ಲಿ ಕಾಲಿಟ್ಟರೆ ಚಿಲಿಪಿಲಿ ಸಪ್ಪಳ. ಮರಿಯಾಗಿದ್ದವು. ಬೂದು ಕೋಳಿಯ ರೆಕ್ಕೆಯ ಕೆಳಗಿನಿಂದ ಹಳದಿ ಮೂತಿಗಳು ಇಣುಕುತ್ತಿದ್ದವು. ಯಾರೂ ಅವನ್ನು ನೋಡಲಿಲ್ಲ. ಅಪ್ಪ ಒಳಗಿನ ಕದಕ್ಕೆ ಕೈಯಿಟ್ಟು, “ಯಾರದು?” ಎಂದ.

ಮೊದಲು ಕೆಮ್ಮು ಕೇಳಿತು. ಆಮೇಲೆ ಮಾತು. ಧ್ವನಿ ನೆಲದ ಮಟ್ಟದಿಂದ ಬರುತ್ತಿತ್ತು, ಕದದ ಬುಡದಲ್ಲೇ ಯಾರೋ ಮಲಗಿದಂತಿತ್ತು.

“ಏ ಕೋಳೀ, ನನ್ನ ಮಗನಿಗೆ ಹೇಳು, ಕದಾ ತೆಗೀಬ್ಯಾಡ ಅಂತ.”

ಆಯಿ! ಅವಳು ಕೋಳಿಗೆ ಹೇಳಿ ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಅವಳಿಗೆ ಯಾರಿಗಾಗಲೀ ನೇರವಾಗಿ ಹೇಳುವ ಅಧಿಕಾರ ಇತ್ತಲ್ಲ. ಅಪ್ಪ “ಅವ್ವಾ” ಎಂದು ಮಕ್ಕಳ ಹಾಗೆ ಕೂಗಿದ. ಅವ್ವ ಬೀಸುಕಲ್ಲಿನ ಪಕ್ಕ ಕೂತಳು.

ಆಯಿ ತಡೆತಡೆದು ಹೇಳಿದಳು. ಮಟಕಿಯಲ್ಲಿ ದೇವಿಗೆ ಬೇರೆ ಕೋಳಿ ಕೊಟ್ಟಿದ್ದಳಂತೆ. ಹರಕೆ ತೀರಿತು, ಇನ್ನು ಮಗನ ಮನೆಯ ನೀರು ಕುಡಿಯಬಹುದು, ಹಬ್ಬಕ್ಕೆ ಇದ್ದು ಹೋಗೋಣ ಎಂದು ಬಂದಳಂತೆ. ಹಿಂದಿನ ಹಾದಿಯಿಂದ ಬಂದವಳಿಗೆ ಊರು ಖಾಲಿ ಸಿಕ್ಕಿತು. ಅವತ್ತು ಸಂಜೆಗೇ ಕಂಕುಳಲ್ಲಿ ನೋವು. ಹೊಲಕ್ಕೆ ಬರಬಾರದು ಎಂದು ಅಲ್ಲೇ ಉಳಿದಳು. ಕೈಲಾಗುವ ತನಕ ಗಡಿಗೆಯ ಜೋಳ ಬೀಸಿ ಹಿಟ್ಟನ್ನು ನೀರಿಗೆ ಕದಡಿ ತಾನೂ ಕುಡಿದಳು, ಕೋಳಿಗೂ ಹಾಕಿದಳು.

“ಗೌಡ್ರ ಬಾವಿ ನೀರ ಕುಡದೆ,” ಎಂದಳು ನಡುವೆ. “ಭಾಳ ಸಿಹಿ ಅದ.”

ನಮ್ಮ ಅಪ್ಪ ಅಳುತ್ತಲೇ ನಕ್ಕ. ಅವ್ವ ನಗಲಿಲ್ಲ. ಅವಳು ಕದದ ಹತ್ತಿರ ತೆವಳಿಕೊಂಡು ಹೋಗಿ ಕೇಳಿದಳು, “ಅತ್ತಿ, ನಾ ಅವರು ಅಂತ ತಿಳದು ದಿನಾ ಮಾತಾಡ್ತಿದ್ದೆ. ನೀವು ಅಂತ ಯಾಕ ಹೇಳಲಿಲ್ರಿ? ಒಂದು ಮಾತು ಅಂದಿದ್ರ ಸಾಕಿತ್ತಲ್ರಿ.”

“ಗಂಡ ಅಂತ ತಿಳದು ಹೊಸ್ತಿಲದಾಗ ನಿಂತಿ,” ಎಂದಳು ಆಯಿ. “ಅಂವ ಬ್ಯಾಡ ಅಂತಾನ ಅಂತ ನಿಂತಿ. ನಾ ಅಂತ ಗೊತ್ತಾಗಿದ್ರ ನೀ ಒಳಗ ಬರ್ತಿದ್ದಿ. ಅತ್ತೀನ ಬಿಟ್ಟಳು ಅನಸ್ಕೊಬಾರ್ದಂತ ಬರ್ತಿದ್ದಿ. ಬಂದಿದ್ರ ಈ ಕೂಸುಗಳಿಗೆ ಯಾರು ದಿಕ್ಕು?” ಉಸಿರು ಸಿಕ್ಕಿಹಾಕಿಕೊಂಡಿತು. ಆಮೇಲೆ, “ದಾರದ ಮಾತು ಕೇಳೇನಿ. ಬಿಡು. ದೇವಿಗೆ ನಾ ಹೇಳೇನಿ,” ಎಂದಳು.

ಅಪ್ಪ ಕದ ತೆಗೆದು ಒಳಗೆ ಹೋದ. ಸೊಲ್ಲಾಪುರದಲ್ಲಿ ಗಿರಣಿಯವರಿಗೆಲ್ಲ ಪ್ಲೇಗಿನ ಸೂಜಿ ಚುಚ್ಚಿದ್ದರು, ಆ ಧೈರ್ಯ ಅವನಿಗಿತ್ತು. ಸೂಜಿ ಇಲ್ಲದಿದ್ದರೂ ಹೋಗುತ್ತಿದ್ದ. ನಮ್ಮನ್ನು ಹೊಲಕ್ಕೆ ಅಟ್ಟಿದ. ಹಬ್ಬದ ಸಾರನ್ನು ಅವ್ವ ಹೊಸ್ತಿಲಲ್ಲಿಟ್ಟಳು, ಅಪ್ಪ ಬೆರಳಿನಿಂದ ಆಯಿಯ ನಾಲಿಗೆಗೆ ಮುಟ್ಟಿಸಿದನಂತೆ. ಹೊಸ ವರ್ಷಕ್ಕೆ ಮೊದಲೇ ಆಯಿ ಹೋದಳು. ಅಪ್ಪ, ತಳವಾರ ಇಬ್ಬರೇ ಮಣ್ಣು ಮಾಡಿದರು. ಅಪ್ಪನಿಗೆ ಏನೂ ಆಗಲಿಲ್ಲ. ಜನ ಊರಿಗೆ ವಾಪಸಾದಾಗ ಮರಿಗಳು ದೊಡ್ಡವಾಗಿ ಓಣಿಯಲ್ಲಿ ಕೆದರುತ್ತಿದ್ದವು. ಅವ್ವ ಆ ವರ್ಷದಿಂದ ಕೋಳಿಗಳೊಂದಿಗೆ ಮಾತಾಡುವುದನ್ನು ಬಿಟ್ಟಳು. ಕಾಳು ಹಾಕುವಾಗಲೂ ಬಾಯಿ ಮುಚ್ಚಿಕೊಂಡೇ ಹಾಕುತ್ತಿದ್ದಳು.

ನಾನು ಈ ಕತೆಯನ್ನು ಮುಂದೆ ಎಷ್ಟೋ ಜನರಿಗೆ ಹೇಳಿದ್ದೇನೆ. ನನ್ನ ಅತ್ತೆಯ ಮುಂದೆಯಂತೂ ಬೇಕೆಂದೇ ಹೇಳುತ್ತಿದ್ದೆ. ಎಂಥ ಅತ್ತೆ, ಎಂಥ ಸೊಸೆ ಎಂದು ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಒಮ್ಮೆ ಹಾಗೆ ಹೇಳುತ್ತಿದ್ದಾಗ ಅವ್ವ ಅಲ್ಲೇ ಇದ್ದಳು. ಆಗ ಅವಳಿಗೆ ಆಯಿಗಿಂತ ಹೆಚ್ಚು ವಯಸ್ಸಾಗಿತ್ತು, ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಬಂದವರು ಎದ್ದು ಹೋದ ಮೇಲೆ ನನ್ನನ್ನು ಹತ್ತಿರ ಕರೆದಳು.

“ಮುದುಕಿ ನನ್ನ ಭಾಳ ದೊಡ್ಡಾಕಿ ಅಂತ ತಿಳಕೊಂಡಿತ್ತು,” ಎಂದಳು. “ಆಕಿ ಅಂತ ಗೊತ್ತಿದ್ರೂ ನಾ ಒಳಗ ಹೋಗತಿದ್ದಿಲ್ಲ, ಮಗಳ. ರೊಟ್ಟೀನೂ ಇಡತಿದ್ದೆನೋ ಇಲ್ಲೋ.”

“ಹಂಗ್ಯಾಕ ಅಂತೀ ಅವ್ವ?” ಎಂದೆ. ಆವತ್ತಿನಿಂದ ನಾನು ಈ ಕತೆಯನ್ನು ಯಾರಿಗೂ ಹೇಳಿಲ್ಲ, ನಿಮ್ಮನ್ನು ಬಿಟ್ಟು.

ಅಡುಗೆಮನೆಯಲ್ಲಿ ಈಗ ಪಾತ್ರೆಗಳ ಸಪ್ಪಳ ನಿಂತಿದೆ. ಮೊಮ್ಮಗಳು ಶಾಲೆಗೆ ಹೋಗಿದ್ದಾಳೆ, ಮಾತು ದಾಟಿಸಲು ಯಾರೂ ಇಲ್ಲ. ನಾನು ಏನಾದರೂ ಹೇಳುತ್ತೇನೇನೋ ಎಂದು ಸೊಸೆ ಕದದ ಆ ಕಡೆ ಸುಮ್ಮನೆ ನಿಂತಿರುವುದು ನನಗೆ ಗೊತ್ತಾಗುತ್ತಿದೆ. ಮಂಡಿ ಹಿಡಿದುಕೊಂಡು ಎದ್ದೆ. ಏನು ಹೇಳಬೇಕೆಂದು ಇನ್ನೂ ಗೊತ್ತಿಲ್ಲ. ಕದ ತಳ್ಳಿ ಒಳಗೆ ಹೋಗುತ್ತಿದ್ದೇನೆ.